ಓಡೆಗಾರ್ಡ್ ಹೆಸರಿನ ತರಗತಿ

ಒಂದೇ ಪಾಠವನ್ನು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಹೇಳಿ ಬದುಕುವವರಿಗೆ ಒಂದು ಅನುಕೂಲವಿದೆ. ಹಾಸ್ಯಗಳನ್ನು ಹೊಸದಾಗಿ ಹುಡುಕಬೇಕಾಗಿಲ್ಲ, ಕೇಳುವವರು ಬೇರೆಯವರಲ್ಲವೇ? ಮಾರ್ಲಿಸ್ ಲಾಹ್ತಿ ವರ್ಷಗಟ್ಟಲೆ ಹಾಗೆಂದೇ ನಂಬಿಕೊಂಡಿದ್ದಳು. ಆ ನಂಬಿಕೆ ಒಡೆದದ್ದು ಜನವರಿಯ ಒಂದು ಸಂಜೆ, ಕಾರುಗಳ ಎಂಜಿನ್ ಹೆಪ್ಪುಗಟ್ಟದಿರಲೆಂದು ಜನ ಅವಕ್ಕೆ ಕರೆಂಟಿನ ವೈರು ಸಿಕ್ಕಿಸಿ ಒಳಗೆ ಓಡುವಂಥ ಚಳಿಯಲ್ಲಿ.

ಬೆಳಗಿನ ಹೊತ್ತು ಅವಳು ಅಮೆರಿಕದ ಮಿನಸೋಟ ರಾಜ್ಯದ ಉತ್ತರಕ್ಕಿರುವ ಕಬ್ಬಿಣದ ಗಣಿಯೂರಿನ ಎರಡು ವರ್ಷದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಒಂದು ಪಾಸ್ಟಿಯನ್ನು, ಅಂದರೆ ಆಲೂಗೆಡ್ಡೆ, ಮಾಂಸ ತುಂಬಿದ ಅಲ್ಲಿಯ ಕಡುಬನ್ನು, ಬಟ್ಟೆಯಲ್ಲಿ ಸುತ್ತಿಕೊಂಡು ಕಾರು ಹತ್ತುತ್ತಿದ್ದಳು. ಎಲ್ಲಿ ಜಿಂಕೆ ಅಡ್ಡ ಬರುತ್ತದೋ ಎಂದು ಕಣ್ಣರಳಿಸಿಕೊಂಡೇ ಸರೋವರದ ದಂಡೆಯ ಪಟ್ಟಣಕ್ಕೆ ಇಳಿಯುತ್ತಿದ್ದಳು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಜೆ ಮತ್ತೆ ಅದೇ ಸಂಖ್ಯಾಶಾಸ್ತ್ರ. ಅದೇ ಪುಸ್ತಕ, ಅವೇ ಪರೀಕ್ಷೆಗಳು, ಕಾಫಿ ಡಬ್ಬಿಯಲ್ಲಿ ತುಂಬಿಟ್ಟ ಅವೇ ಕಬ್ಬಿಣದ ಅದಿರಿನ ಉಂಡೆಗಳು. ಗಣಿಯಿಂದ ಹಡಗಿಗೆ ಹೋಗುವ ಈ ಗೋಲಿಯಂಥ ಉಂಡೆಗಳು ರೈಲು ಹಳಿಯುದ್ದಕ್ಕೂ ಚೆಲ್ಲಿ ಬಿದ್ದಿರುತ್ತವೆ. ಒಂದು ಹಿಡಿ ಎತ್ತಿಕೊಂಡು ತೂಗಿ, ಇಡೀ ಡಬ್ಬಿಯ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಎನ್ನುವುದೇ ಅವಳ ಮೊದಲ ಪಾಠ.

ಆ ಸಂಜೆಯೂ ಡಬ್ಬಿ ಅಲ್ಲಾಡಿಸುತ್ತಾ ಹಾಸ್ಯ ಶುರು ಮಾಡಿದಳು. "ಇದನ್ನ ಯಾರೂ ಬಾಯಿಗೆ ಹಾಕ್ಕೋಬೇಡಿ. ನಮ್ಮನೆಯವರು ಒಂದ್ಸಲ ಚಾಕಲೇಟು ಅಂದ್ಕೊಂಡು..."

"...ಕಚ್ಚಿ ದವಡೆ ಹಲ್ಲು ಮುರ್ಕೊಂಡ್ರು" ಎಂದು ಹಿಂದಿನ ಸಾಲಿನಿಂದ ಒಂದು ಗಡಸು ದನಿ ಮುಗಿಸಿಬಿಟ್ಟಿತು.

ಮಾರ್ಲಿಸ್ ತಲೆಯೆತ್ತಿದಳು. ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. ಡೋರೀನ್ ಪ್ರೆಬಿಚ್! ಗಣಿಯಲ್ಲಿ ಮನೆಯಷ್ಟೆತ್ತರದ ಲಾರಿ ಓಡಿಸುತ್ತಿದ್ದವಳು. ಗಣಿಯವರು ಕೆಲಸದಿಂದ ತೆಗೆದ ಮೇಲೆ, ಮೊಮ್ಮಗಳನ್ನು ಶಾಲೆಗೆ ಬಿಡುವ ವಯಸ್ಸಿನಲ್ಲಿ, ಊರ ಕಾಲೇಜಿಗೆ ಸೇರಿ ಮಾರ್ಲಿಸಳ ಮುಂದೆಯೇ ಕೂತು, ಇದೇ ಪಾಠ ಕಲಿತು, ಮೊದಲ ದರ್ಜೆ ಪಡೆದು ಹೋದವಳು. ಅವಳ ಕೊನೆಯ ಉತ್ತರಪತ್ರಿಕೆಯನ್ನು ಮಾರ್ಲಿಸ್ ಉಳಿದವರಿಗೆ ಮಾದರಿಯೆಂದು ತೋರಿಸಿದ್ದಳು. ಈಗ ಆ ಹೆಂಗಸು ಹೊಸ ಪುಸ್ತಕ ತೆರೆದಿಟ್ಟುಕೊಂಡು, ಎರಡೂ ಕೈ ಕಟ್ಟಿಕೊಂಡು, ಮೊದಲ ದಿನದ ವಿದ್ಯಾರ್ಥಿಯ ಹಾಗೆ ಕೂತಿದ್ದಾಳೆ.

"ನೀನೇನೇ ಇಲ್ಲಿ?" ಎಂದಳು ಮಾರ್ಲಿಸ್, ಇಡೀ ತರಗತಿಯ ಎದುರು.

"ನಾನೂ ನಿನ್ನ ಅದನ್ನೇ ಕೇಳೋಣ ಅಂತಿದ್ದೆ" ಎಂದಳು ಡೋರೀನ್. "ಈ ತರಗತಿ ಯಾರೋ ಓಡೆಗಾರ್ಡ್ ಅನ್ನೋರದ್ದು ಅಂತ ಹಾಕಿದ್ರಲ್ಲ?"

ಆ ಮಾತಿನ ಕಡೆ ಮಾರ್ಲಿಸ್ ಲಕ್ಷ್ಯ ಕೊಡಲಿಲ್ಲ. ವೇಳಾಪಟ್ಟಿಯಲ್ಲಿ ಯಾವಾಗಲೂ ಆ ಹೆಸರೇ ಇರುತ್ತಿತ್ತು. ವರ್ಷಕ್ಕೆ ಒಬ್ಬರಾದರೂ ಮೊದಲ ದಿನ ಅವಳನ್ನು "ಪ್ರೊಫೆಸರ್ ಓಡೆಗಾರ್ಡ್" ಎಂದು ಕರೆಯುತ್ತಿದ್ದರು, ಅವಳು ನಕ್ಕು "ನಾನು ಬರೀ ಮಾರ್ಲಿಸ್" ಎನ್ನುತ್ತಿದ್ದಳು. ಓಡೆಗಾರ್ಡ್ ವಿಭಾಗದ ಮುಖ್ಯಸ್ಥರು, ಮುಖ್ಯಸ್ಥರ ಹೆಸರು ಮೇಲೆ ಹಾಕಿರುತ್ತಾರೆ, ಅಷ್ಟೇ ಎಂದುಕೊಂಡಿದ್ದಳು. ಕೇಳಲು ಮಾತ್ರ ಹೋಗಿರಲಿಲ್ಲ. ಅವಳು ಬೆಳೆದ ಗಣಿಯೂರಿನ ಫಿನ್ನಿಷ್ ಮನೆಗಳಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳುವುದು ಸೌನಾಕ್ಕೆ, ಅಂದರೆ ಬಿಸಿಹಬೆಯ ಬಚ್ಚಲಿಗೆ, ಕೋಟು ಹಾಕಿಕೊಂಡು ಹೋದಷ್ಟೇ ನಗೆಪಾಟಲು. ಅವಳಪ್ಪ ಗಣಿ ಕುಸಿದಾಗ ಇಬ್ಬರನ್ನು ಎಳೆದು ತಂದದ್ದು ಮನೆಯವರಿಗೆ ತಿಳಿದದ್ದು ಅವನನ್ನು ಮಣ್ಣು ಮಾಡಿದ ದಿನ, ಆ ಇಬ್ಬರ ಬಾಯಿಂದ. ಅಂಥ ಮನೆಯ ಮಗಳು.

ತರಗತಿ ಮುಗಿದ ಮೇಲೆ ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಮಾರ್ಲಿಸ್ ಪಾಸ್ಟಿ ಮುರಿದು ಅರ್ಧ ಕೊಟ್ಟಳು. ಡೋರೀನ್ ಎರಡು ಸಲ ಬೇಡ ಎಂದು ಮೂರನೇ ಸಲಕ್ಕೆ ತೆಗೆದುಕೊಂಡಳು. ಅದು ಅಲ್ಲಿಯ ಮರ್ಯಾದೆ.

"ನರ್ಸಿಂಗ್ ಸೇರೋಣ ಅಂತ ಬಂದ್ರೆ ನನ್ನ ಸಂಖ್ಯಾಶಾಸ್ತ್ರ ಇವರು ಒಪ್ಪಲಿಲ್ಲ ಕಣೆ" ಎಂದಳು. "ಒಪ್ಪಲಿಲ್ಲ ಅಂತ ಬಾಯಲ್ಲಿ ಹೇಳಲ್ಲ ಅವರು. ಆ ಪಾಠದ ಲೆಕ್ಕ, ಅದೇ ಕ್ರೆಡಿಟ್, ತಗೊಂಡಿದೀವಿ ಅಂತಾರೆ. ನಾನು ಪೆದ್ದಿ, ಅಷ್ಟು ಕೇಳಿ ಚರ್ಚಿನಲ್ಲೆಲ್ಲ ಹಬ್ಬಕ್ಕೆ ಮಾಡೋ ಪೊಟೀಟ್ಸ ಸಿಹಿರೊಟ್ಟಿ ಹಂಚಿದೆ. ಆಮೇಲೆ ನೋಡಿದ್ರೆ, ತಗೊಂಡು 'ಇತರೆ' ಅನ್ನೋ ಮೂಲೆಗೆ ಎಸೆದಿದಾರೆ. ನರ್ಸಿಂಗ್‌ಗೆ ಬೇಕಾಗಿರೋ ಸಂಖ್ಯಾಶಾಸ್ತ್ರ ಇದಲ್ವಂತೆ."

"ನಾನು ಹೇಳಿಕೊಟ್ಟಿದ್ದು?"

"ನೀನು ಹೇಳಿಕೊಟ್ಟಿದ್ದೇ."

"ಹಾಗಾದ್ರೆ ಈಗ ಏನು?"

"ನರ್ಸಿಂಗ್ ಪಟ್ಟಿ ಈ ತಿಂಗಳ ಕೊನೇಲಿ ಮುಚ್ತಾರೆ. ಅಷ್ಟರಲ್ಲಿ ಈ ಪಾಠ ಮುಗಿದಿರಬೇಕು. ಇಲ್ಲಾಂದ್ರೆ ಮುಂದಿನ ವರ್ಷ ಬಾ ಅಂದ್ರು. ಕೆಲಸ ಹೋದವರಿಗೆ ಓದೋಕೆ ಅಂತ ಗಣಿಯವರು ಕೊಡೋ ದುಡ್ಡು ಈ ವರ್ಷ ಸೇರೋರಿಗೆ ಮಾತ್ರ. ನನಗೆ ಮುಂದಿನ ವರ್ಷ ಅನ್ನೋದಿಲ್ಲ, ಮಾರ್ಲಿಸ್. ಸುಮ್ಮನೆ ಮನೇಲಿ ಕೂತು ಗೋಡೆ ನೋಡೋ ಬದಲು ಇಲ್ಲಿ ಬಂದು ಸೇರ್ಕೊಂಡೆ, ಅಷ್ಟೇ." ಡೋರೀನ್ ಬೆರಳಿಗಂಟಿದ ಚೂರು ನೆಕ್ಕಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಗೊಳ್ಳನೆ ನಕ್ಕಳು. "ಬಾಗಿಲು ತೆಗೆದ್ರೆ ಒಳಗೆ ನೀನು! ಬೆಳಿಗ್ಗೆ ಟೈರಿಗೆ ಮೊಳೆ ಹೊಡೆದು, ಸಂಜೆ ರಸ್ತೆ ಮುಂದೆ ಪಂಕ್ಚರ್ ಅಂಗಡಿ ಇಟ್ಕೊಂಡಿದೀಯಲ್ಲೇ!"

ಮಾರ್ಲಿಸಳಿಗೆ ನಗು ಬರಲಿಲ್ಲ. ಗಣಿಯ ಧೂಳಿಗೆ ಶ್ವಾಸಕೋಶ ಹಾಳಾದ ತನ್ನ ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ಡೋರೀನ್ ಮಾಡಿದ ಆರೈಕೆಯನ್ನು ಇಡೀ ಊರು ನೋಡಿತ್ತು. ಊರಿನ ಆಸ್ಪತ್ರೆಯಲ್ಲಿ ನರ್ಸುಗಳಿಲ್ಲದೆ ಒಂದು ವಾರ್ಡಿಗೆ ಬೀಗ ಬಿದ್ದಿತ್ತು. ಈ ಹೆಂಗಸನ್ನು ತಡೆದು ನಿಲ್ಲಿಸಿದ್ದು ತನ್ನ ಪಾಠ. ಇದೆಲ್ಲೋ ಗುಮಾಸ್ತರ ಕೈತಪ್ಪು, ನಾಳೆಯೇ ಸರಿಮಾಡಿಸುತ್ತೇನೆ ಎಂದು ಮಾತು ಕೊಟ್ಟಳು.

ಕ್ರೆಡಿಟ್ ಪರಿಶೀಲನೆಯ ಕಚೇರಿಯಲ್ಲಿ ಟ್ವೈಲಾ ಕೂರುತ್ತಿದ್ದಳು. ಬೇರೆ ಕಾಲೇಜುಗಳಿಂದ ಬರುವವರ ಒಂದೊಂದು ಪಾಠವನ್ನೂ ಇಲ್ಲಿಯ ಒಂದೊಂದು ಪಾಠದ ಪಕ್ಕ ಇಟ್ಟು ನೋಡಿ, ಇದು ಅದಕ್ಕೆ ಸಮ, ಇದು ಸಮವಲ್ಲ ಎಂದು ಹೇಳುವುದು ಅವಳ ಕೆಲಸ. ಒಳ್ಳೆಯವಳು. ಮಾರ್ಲಿಸಳ ಅತ್ತೆಯ ಕಡೆಯಿಂದ ದೂರದ ನೆಂಟಳೂ ಹೌದು. ಕಾಫಿ ಬಗ್ಗಿಸಿಕೊಟ್ಟು ಕಂಪ್ಯೂಟರ್ ತೆರೆದಳು.

"ನೀವೆಲ್ಲ ಅಂದ್ಕೊಂಡಿರೋ ಹಾಗೆ ಪುಸ್ತಕಾನೋ ಪಾಠಾನೋ ಕಾರಣ ಅಲ್ಲ" ಎಂದಳು. "ಪಾಠ ಸರಿಯಾಗಿದೆ. ಅಲ್ಲಿ ಅದನ್ನ ಹೇಳಿಕೊಡೋರಿಗೆ ತಕ್ಕ ಅರ್ಹತೆ ಇಲ್ಲ, ಅದಕ್ಕೆ ತೆಗೆದುಹಾಕಿದಾರೆ."

"ಯಾರಿಗೆ ಇಲ್ಲ?"

"ಅಲ್ಲಿಯ ಅಧ್ಯಾಪಕರಿಗೆ."

"ಟ್ವೈಲಾ, ಅಲ್ಲಿಯ ಅಧ್ಯಾಪಕಿ ನಾನು."

ಟ್ವೈಲಾ ಪರದೆಯನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ಅವಳ ಕಿವಿ ನಿಧಾನವಾಗಿ ಕೆಂಪಾಯಿತು. "ಇಲ್ಲಿ ಹೆಸರು ಕಾಣಲ್ಲ. ಪದವಿ ಮಾತ್ರ ಕಾಣುತ್ತೆ. ಗಣಿತ ಬೋಧನೆಯಲ್ಲಿ ಎಂ.ಎ. ಅಂತಿದೆ. ಬರೀ ಗಣಿತದಲ್ಲಿ ಆಗಿರಬೇಕಿತ್ತಂತೆ."

"ಆ ಎಂ.ಎ. ನನಗೆ ಕೊಟ್ಟಿದ್ದು ಯಾರು, ಅದನ್ನೂ ನೋಡು."

ಟ್ವೈಲಾ ನೋಡಿದಳು. ನೋಡಿ ಕಾಫಿ ಲೋಟ ಕೆಳಗಿಟ್ಟಳು. "ನಾವೇ" ಎಂದಳು.

ಮಾರ್ಲಿಸಳಿಗೆ ತಾನು ಇಪ್ಪತ್ತರ ಹುಡುಗಿಯಾಗಿದ್ದಾಗಿನದು ನೆನಪಾಯಿತು. ಅವಳೂ ಊರ ಕಾಲೇಜಿನಲ್ಲೇ ಶುರು ಮಾಡಿ ಇಲ್ಲಿಗೆ ಬಂದವಳು. ಆಗಲೂ ಇವರು ಅವಳ ಬೀಜಗಣಿತ ಒಪ್ಪಿರಲಿಲ್ಲ. ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಕೂತು ಕಲಿತಿದ್ದಳು. ನಾವು ಗಣಿಯೂರಿನವರು, ನಮ್ಮದು ಸ್ವಲ್ಪ ಕಡಿಮೆಯೇ ಇರಬೇಕು ಎಂದುಕೊಂಡು ತುಟಿಪಿಟಕ್ಕೆನ್ನದೆ ಕಲಿತಿದ್ದಳು. ಈಗ ಆ ತಗ್ಗಿದ ತಲೆಯನ್ನು ನೆನೆದು ಅವಳಿಗೆ ತನ್ನ ಮೇಲೆಯೇ ರೇಗಿತು.

"ಸರಿ, ನನಗೆ ಅರ್ಹತೆ ಇಲ್ಲ. ಹಾಗಾದ್ರೆ ಇದೇ ಪಾಠನ ಇದೇ ಕಟ್ಟಡದಲ್ಲಿ ಇಷ್ಟು ವರ್ಷದಿಂದ ನನ್ನ ಕೈಲಿ ಹೇಗೆ ಮಾಡಿಸ್ತಿದೀರಿ?"

ಟ್ವೈಲಾ ಎದ್ದು ಬಾಗಿಲು ಮುಚ್ಚಿ ಬಂದಳು. "ನಿನಗೆ ಗೊತ್ತಿದೆ ಅಂತ ನಾನು ಅಂದ್ಕೊಂಡಿದ್ದೆ, ಮಾರ್ಲಿಸ್. ದೇವರಾಣೆ. ಇಲ್ಲಿ ನೀನು ಪಾಠ ಮಾಡ್ತಾ ಇಲ್ಲ. ಪಾಠ ಮಾಡ್ತಿರೋದು ಓಡೆಗಾರ್ಡ್. ನೀನು ಅವರ ಸಹಾಯಕಿ."

"ಆ ಮನುಷ್ಯ ಒಂದು ದಿನ ನನ್ನ ತರಗತಿಗೆ ಕಾಲಿಟ್ಟಿಲ್ಲ!"

"ಕಾಲಿಡಬೇಕಾಗಿಲ್ಲ. ಅವರ ಪದವಿ ಸರಿ ಇದೆ."

ಕಾಯಂ ಹುದ್ದೆ ಬಂದಾಗ ಈ ಸಂಜೆಗಳೆಲ್ಲ ತನ್ನ ಅನುಭವವೆಂದು ಎಣಿಕೆಗೆ ಬರುತ್ತವೆ ಎಂದು ನಂಬಿ ಮಾರ್ಲಿಸ್ ಹಿಮದಲ್ಲಿ ಕಾರು ಓಡಿಸಿದ್ದಳು. ಎರಡು ಸಲ ಜಿಂಕೆಗೆ ಗುದ್ದಿದ್ದಳು, ಒಮ್ಮೆ ಚರಂಡಿಗೆ ಇಳಿದು ಹಿಮ ಗುಡಿಸುವ ಗಾಡಿಯವರು ಬರುವ ತನಕ ಕಾದಿದ್ದಳು. ಎಲ್ಲವೂ ಓಡೆಗಾರ್ಡ್ ಖಾತೆಗೆ.

ಆದರೆ ಅವಳ ಮನಸ್ಸಿನಲ್ಲಿ ಡೋರೀನ್ ಇದ್ದಳು, ತಿಂಗಳ ಕೊನೆ ಹತ್ತಿರವಿತ್ತು. "ನನ್ನದು ಆಮೇಲೆ ನೋಡೋಣ" ಎಂದಳು. "ಅವಳಿಗೆ ದಾರಿ ಏನು?"

ದಾರಿ ಇತ್ತು. ಇಲ್ಲಿ ಆ ಪಾಠ ಹೇಳುವ ಅಧ್ಯಾಪಕರು, ಅಲ್ಲಿಯ ಪಾಠವೂ ನನ್ನದೂ ಒಂದೇ ಎಂದು ಬರೆದು ಸಹಿ ಮಾಡಿಕೊಟ್ಟರೆ ಅಲ್ಲಿಯವರ ಪದವಿಯನ್ನು ನೋಡುವುದಿಲ್ಲ, ಕ್ರೆಡಿಟ್ ಸಿಗುತ್ತದೆ. "ನೀನು ಬರೆದ್ರೆ ಆಗಲ್ಲ" ಎಂದಳು ಟ್ವೈಲಾ, ಮುಖ ನೋಡದೆ. "ಅವರೇ ಬರೀಬೇಕು."

ಓಡೆಗಾರ್ಡ್ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮಾರ್ಲಿಸಳಿಗೆ ಎಷ್ಟೋ ಸಲೀಸಾಗುತ್ತಿತ್ತು. ಮಂಜುಗಟ್ಟಿದ ಕೆರೆಯ ಮೇಲೆ ಗುಡಿಸಲಿಟ್ಟು ಮೀನು ಹಿಡಿಯುವ ಚಟದ, ಎಲ್ಲರಿಗೂ ಬಾಗಿಲು ಹಿಡಿದು ನಿಲ್ಲುವ, ಕೆನ್ನೆ ಕೆಂಪಗಿನ ಮನುಷ್ಯ. ಅವಳನ್ನು ಕೂರಿಸಿ, ತಾವು ಹಿಡಿದ ಮೀನಿನ ಫೋಟೋ ತೋರಿಸಿ, ಆಮೇಲೆ ವಿಷಯ ಕೇಳಿದರು.

"ಅಯ್ಯೋ, ಅದಕ್ಕೇನಂತೆ! ಧಾರಾಳವಾಗಿ ಸಹಿ ಮಾಡ್ತೀನಿ" ಎಂದರು.

"ನನ್ನ ತರಗತಿ ನಿಮ್ಮ ಹೆಸರಲ್ಲಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ."

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹೇಳೋದೇನು ಬಂತು? ನಾನು ಹೆಸರು ಕೊಟ್ಟಿದ್ದಕ್ಕೆ ತಾನೇ ನಿನಗೆ ಕೆಲಸ ಕೊಡೋಕಾಗಿದ್ದು? ಇಲ್ಲಾಂದ್ರೆ ನಿಯಮ ಬಿಡ್ತಿರಲಿಲ್ಲ. ನಿನಗೆ ಉಪಕಾರ ಆಗ್ಲಿ ಅಂತ ಮಾಡಿದ್ದು, ಮಾರ್ಲಿಸ್."

ಅವರು ಅದನ್ನು ಮನಸ್ಸಿನಿಂದಲೇ ಹೇಳುತ್ತಿದ್ದರು. ಬೈಯಲು ಒಂದು ಮುಖ ಬೇಕಲ್ಲ, ಎದುರಿಗಿದ್ದದ್ದು ನಗುಮುಖ. ಹದಿನೈದು ನಿಮಿಷ ಮಾತಾಡಿದ ಮೇಲೂ ಅವರಿಗೆ ಅವಳಿಗೇನು ನೋವಾಗಿದೆ ಎನ್ನುವುದು ಹೊಳೆಯಲಿಲ್ಲ.

"ಪತ್ರ ನೀನೇ ಬರೆದುಬಿಡು" ಎಂದರು ಕುರ್ಚಿ ಬಿಟ್ಟುಕೊಟ್ಟು. "ಆ ಪಾಠದಲ್ಲಿ ಏನೇನಿದೆ ಅಂತ ನನಗೆಲ್ಲಿ ನೆನಪಿರುತ್ತೆ?"

ಅವಳು ಅವರ ಕುರ್ಚಿಯಲ್ಲಿ ಕೂತು ಅವರ ಕಂಪ್ಯೂಟರಿನಲ್ಲಿ ಬರೆದಳು. ಪಾಠದ ವಿವರ ಸರಾಗವಾಗಿ ಬಂತು. ಕೊನೆಯಲ್ಲಿ ಟ್ವೈಲಾ ಹೇಳಿಕೊಟ್ಟಿದ್ದ ಒಂದು ಸಾಲು ಹಾಕಲೇಬೇಕಿತ್ತು: ಈ ವಿಶ್ವವಿದ್ಯಾಲಯದಲ್ಲಿ ಈ ಪಾಠವನ್ನು ಹಲವು ವರ್ಷಗಳಿಂದ ನಾನೇ ಕಲಿಸುತ್ತಾ ಬಂದಿದ್ದೇನೆ. ಆ 'ನಾನೇ' ಬರುವ ಮುಂಚೆ ಅವಳು ಬರೆಯುವುದನ್ನು ನಿಲ್ಲಿಸಿದಳು. ಬರೆದಿದ್ದು ಅವಳು, ಕಲಿಸಿದ್ದು ಅವಳು, ಆದರೆ ಆ ನಾನು ಅವಳಲ್ಲ. ಇದನ್ನು ಬರೆದುಕೊಟ್ಟರೆ ತನ್ನ ಸಂಜೆಗಳನ್ನು ತನ್ನ ಕೈಯಾರೆ ದಾನ ಮಾಡಿದಂತೆ, ನಾಳೆ ಯಾರ ಮುಂದೆಯೂ ಅವು ನನ್ನವು ಎನ್ನುವಂತಿಲ್ಲ. ಕಿಟಕಿಯಾಚೆ ಸರೋವರ ಬೆಳ್ಳಗೆ ಹೆಪ್ಪುಗಟ್ಟಿತ್ತು. ಸಾಹೇಬರು ಸಿಳ್ಳೆ ಹಾಕುತ್ತಾ ಗಾಳದ ದಾರ ಸುತ್ತುತ್ತಿದ್ದರು. ಅವಳು ಬರೆದಳು. ಅವರು ಓದದೆ ಸಹಿ ಮಾಡಿ, ಬೆನ್ನು ತಟ್ಟಿ, "ನೋಡು, ಎಷ್ಟು ಸುಲಭ!" ಎಂದರು.

ಪತ್ರವನ್ನು ಚೀಲದಲ್ಲಿಟ್ಟುಕೊಂಡೇ ಆ ಸಂಜೆ ತರಗತಿಗೆ ಹೋದಳು. ಉಂಡೆಗಳನ್ನು ತೂಗಿಸಿದಳು. ಎಲ್ಲರೂ ಎಷ್ಟು ಚುರುಕಾಗಿ ಉತ್ತರ ಹೇಳುತ್ತಿದ್ದಾರೆ ಎಂಬುದು ಅಂದು ಮೊದಲ ಬಾರಿ ಅವಳಿಗೆ ವಿಚಿತ್ರವೆನ್ನಿಸಿತು. ಸಂಜೆಯ ಮಕ್ಕಳು ಬಲು ಜಾಣರು ಎಂದು ಅವಳು ಗಂಡನ ಹತ್ತಿರ ಯಾವಾಗಲೂ ಹೇಳುತ್ತಿದ್ದಳು. ವಿಶ್ವವಿದ್ಯಾಲಯದವರಲ್ಲವೇ, ಅದಕ್ಕೇ ಇರಬೇಕು ಎನ್ನುತ್ತಿದ್ದಳು.

"ಒಂದು ಮಾತು ಕೇಳ್ಲಾ?" ಎಂದಳು. "ಈ ಪಾಠ ಬೇರೆಲ್ಲಾದ್ರೂ ಆಗಲೇ ಕಲಿತು, ಪಾಸಾಗಿ ಬಂದವರು ಯಾರಾದ್ರೂ ಇದೀರಾ? ಡೋರೀನ್ ಬಿಟ್ಟು."

ಮೊದಲು ಒಂದು ಕೈ ಎದ್ದಿತು. ಆಮೇಲೆ ಕಿಟಕಿ ಪಕ್ಕದಿಂದ ಎರಡು. ಆಮೇಲೆ ಎಲ್ಲ ಕಡೆಯಿಂದ, ಒಬ್ಬರನ್ನೊಬ್ಬರು ನೋಡಿಕೊಂಡು, ಇದು ತಮ್ಮೊಬ್ಬರದೇ ನಾಚಿಕೆ ಎಂದುಕೊಂಡಿದ್ದವರ ಹಾಗೆ ಮೆಲ್ಲಗೆ ಕೈಗಳು ಮೇಲೆದ್ದವು. ಮೀಸೆ ಬಂದವರು, ಬಾಣಂತಿಯೊಬ್ಬಳು, ಗಣಿಯ ಜಾಕೆಟ್ಟಿನಲ್ಲೇ ಕೂತಿದ್ದವನು. ಬಹುಪಾಲು ಎಲ್ಲರೂ ಉತ್ತರದ ಸಣ್ಣ ಸಣ್ಣ ಕಾಲೇಜುಗಳಿಂದ ಬಂದವರೇ. ಅವಳ ಮುಖ ನೋಡದೆ, ಆನ್‌ಲೈನಿನಲ್ಲಿ ಅವಳದೇ ಪಾಠ ಕಲಿತವರೂ ಇದ್ದರು.

"ಉಫ್ ದಾ!" ಎಂದು ಡೋರೀನ್ ಆ ಕಡೆಯವರ ಉದ್ಗಾರ ತೆಗೆದಳು. "ಇಡೀ ಅಂಗಡಿಯೇ ಪಂಕ್ಚರ್ ಗಿರಾಕಿಗಳದ್ದು!"

ಜನ ನಕ್ಕರು. ಮಾರ್ಲಿಸ್ ಹಲಗೆಗೆ ಒರಗಿಕೊಂಡು ನಿಂತಳು. ಈ ಸಂಜೆಯ ತರಗತಿ ನಡೆಯುತ್ತಿರುವುದೇ ಬೆಳಗಿನ ತರಗತಿಯನ್ನು ಒಪ್ಪದಿರುವುದರಿಂದ. ಅವಳ ಬೆಳಗನ್ನು ತಿಂದೇ ಅವಳ ಸಂಜೆ ಬೆಳೆದಿದೆ. ಇಷ್ಟು ವರ್ಷ ಇದು ಕಾಣದೆ ಹೇಗೆ ನಿಂತಿದ್ದೆ ಇಲ್ಲಿ ಎಂದು ಅವಳಿಗೆ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಹೋಯಿತು.

ಮರುದಿನ ಟ್ವೈಲಾ ಪತ್ರವನ್ನು ಎರಡು ಸಲ ಓದಿದಳು. ತೆಗೆದುಕೊಳ್ಳುವ ಮೊದಲು ಅದರ ಮೇಲೆ ಅಂಗೈ ಇಟ್ಟಳು.

"ಒಂದು ಸಲ ಸಮ ಅಂತ ಆದ್ರೆ ಅದು ಡೋರೀನ್‌ಗೊಬ್ಬಳಿಗೇ ಅಲ್ಲ, ಗೊತ್ತಲ್ವಾ? ನಿಮ್ಮ ಕಾಲೇಜಿಂದ ಬರೋರಿಗೆಲ್ಲ ಆಗುತ್ತೆ. ನಿಮ್ಮದು ಆಯ್ತು ಅಂತ ಪಕ್ಕದೂರಿನ ಕಾಲೇಜುಗಳೂ ಕೇಳ್ತಾವೆ. ಇವರೂ ಇಲ್ಲ ಅನ್ನೋಕಾಗಲ್ಲ. ಆಮೇಲೆ ನಿನ್ನ ಸಂಜೆ ತರಗತಿಗೆ ಯಾರು ಬರ್ತಾರೆ, ಮಾರಾಯ್ತಿ?"

"ನನ್ನ ತರಗತಿ ಅಲ್ಲ, ಓಡೆಗಾರ್ಡ್‌ರದ್ದು" ಎಂದಳು ಮಾರ್ಲಿಸ್. ನಗಿಸಲು ಹೇಳಿದ್ದು, ಆದರೆ ಟ್ವೈಲಾ ನಗಲಿಲ್ಲ. ಬೇಕಿದ್ದರೆ ಪತ್ರ ಹಿಂದಕ್ಕೆ ತೆಗೆದುಕೊಂಡು ಹೋಗಬಹುದಿತ್ತು. ಡೋರೀನ್ ಒಂದು ಮಾತೂ ಆಡುತ್ತಿರಲಿಲ್ಲ. ಅಲ್ಲಿಯವರು ಆಡುವುದಿಲ್ಲ. ತಲೆ ತಗ್ಗಿಸಿ ಮತ್ತೆ ಕಲಿಯುತ್ತಾರೆ. ಅದು ನೆನಪಾಗಿಯೇ ಮಾರ್ಲಿಸ್ ಟ್ವೈಲಾಳ ಅಂಗೈಯನ್ನು ಪತ್ರದ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು.

ಪಟ್ಟಿ ಮುಚ್ಚುವ ಮೊದಲೇ ಡೋರೀನಳ ಹೆಸರು ಅದರಲ್ಲಿ ಸೇರಿತು. ಮುಂದಿನ ವಾರದಿಂದ ಹಿಂದಿನ ಸಾಲಿನ ಆ ಕುರ್ಚಿ ಖಾಲಿಯಾಯಿತು. ಹಾಸ್ಯವನ್ನು ಮುಗಿಸಿಕೊಡುವವರು ಯಾರೂ ಇರಲಿಲ್ಲ.

ಬೇಸಿಗೆ ಕಳೆದು ಸೆಪ್ಟೆಂಬರ್ ಬಂತು. ಬರ್ಚ್ ಮರಗಳು ಹಳದಿಯಾದವು. ಯಾರಿಂದಲೂ ಏನೂ ಸುದ್ದಿಯಿರಲಿಲ್ಲ, ಹಾಗಾಗಿ ಮಾರ್ಲಿಸ್ ಎಂದಿನಂತೆ ಪಾಸ್ಟಿ ಸುತ್ತಿಕೊಂಡು, ಡಬ್ಬಿ ಹಿಡಿದುಕೊಂಡು, ಕಾರು ಓಡಿಸಿಕೊಂಡು ಬಂದಳು. ಹತ್ತು ಜನ ಬಂದರೂ ಸಾಕು, ನಡೆಸುತ್ತಾರೆ ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಕಾರಿಡಾರಿನಲ್ಲಿ ಎಲ್ಲ ಕೋಣೆಗಳಿಗೂ ದೀಪವಿತ್ತು, ಅವಳ ಕೋಣೆಗೆ ಇರಲಿಲ್ಲ. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು:

ಸಂಖ್ಯಾಶಾಸ್ತ್ರ, ಸಂಜೆ. ವಿದ್ಯಾರ್ಥಿಗಳು ಸಾಕಷ್ಟಿಲ್ಲದ ಕಾರಣ ಪ್ರೊಫೆಸರ್ ಓಡೆಗಾರ್ಡ್ ಅವರ ತರಗತಿಯನ್ನು ರದ್ದುಪಡಿಸಲಾಗಿದೆ. ಅಧ್ಯಾಪಕರಿಗೆ ಮುಂಚಿತವಾಗಿ ತಿಳಿಸಲಾಗಿದೆ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ತರಗತಿ ಹೋಗುತ್ತದೆ ಎನ್ನುವುದಕ್ಕೆ ಅವಳು ತಯಾರಾಗಿದ್ದಳು, ಅದನ್ನು ತಾನೇ ಕೈಯಾರೆ ಕೊಟ್ಟುಬಂದಿದ್ದಳು. ಆದರೆ ಹೋಗುವಾಗಲಾದರೂ ಅದು ತನ್ನದಾಗಿ ಹೋಗುತ್ತದೆ, ಯಾರಾದರೂ ಫೋನು ಮಾಡಿ ಮಾರ್ಲಿಸ್, ಹೀಗಾಯಿತು ಎನ್ನುತ್ತಾರೆ ಎಂದುಕೊಂಡಿದ್ದಳು. ಕೆಲಸ ಕಳೆದುಕೊಳ್ಳುವುದಕ್ಕೂ ಅವಳಿಗೆ ಅರ್ಹತೆ ಇರಲಿಲ್ಲ.

ಅತ್ತಲಿಂದ ನೀಲಿ ಸಮವಸ್ತ್ರದ ಒಂದು ಗುಂಪು ಗದ್ದಲ ಮಾಡುತ್ತಾ ಬಂತು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ನಿಂತಳು. ಡೋರೀನ್. ಕುತ್ತಿಗೆಯಲ್ಲಿ ಹೊಸ ಸ್ಟೆತಸ್ಕೋಪು. ಉಳಿದವರನ್ನು ಮುಂದೆ ಹೋಗಿ ಎಂದು ಕಳಿಸಿ, ಮಾರ್ಲಿಸಳ ಹೆಗಲ ಮೇಲಿಂದ ಬಗ್ಗಿ ಚೀಟಿ ಓದಿದಳು.

"ಪಾಪ, ಓಡೆಗಾರ್ಡ್" ಎಂದಳು. "ಇನ್ನು ಅವರ ಮನೇಲಿ ಒಲೆ ಹೇಗೆ ಉರಿಯುತ್ತೋ!"

ಮಾರ್ಲಿಸಳಿಗೆ ನಗು ನುಗ್ಗಿ ಬಂತು. ನಗುತ್ತಾ ನಗುತ್ತಾ ಅದು ಅಳುವಾಯಿತು, ಬೆಂಚಿನ ಮೇಲೆ ಕೂತುಬಿಟ್ಟಳು. ಡೋರೀನ್ ಪಕ್ಕದಲ್ಲಿ ಕೂತು, ಅವಳ ಚೀಲದಿಂದ ಪಾಸ್ಟಿ ತೆಗೆದು, ಮುರಿದು, ಅರ್ಧ ಅವಳ ಕೈಗಿಟ್ಟಳು. ಮಾರ್ಲಿಸ್ ಒಮ್ಮೆಯೂ ಬೇಡ ಎನ್ನಲಿಲ್ಲ, ಮೊದಲ ಸಲಕ್ಕೇ ತೆಗೆದುಕೊಂಡಳು.